ಒಡಪಿಗೆ ಮೂರು ನಕ್ಷತ್ರ

ವಿಮರ್ಶೆ ಬರೆಯುವವನು ನೆಂಟರ ನಡುವೆ ಬಾಯಿ ಹೊಲಿದುಕೊಂಡಿರಬೇಕು. ನಾನೋ ಶಹಾಪುರದಲ್ಲಿ ಕುಳಿತು ಅಮೆರಿಕದ ಹಳೆಯ ಜಾಝ್, ಬ್ಲೂಸ್, ಮೊದಮೊದಲ ರಾಕ್ ಆಲ್ಬಮ್ಮುಗಳಿಗೆ, ಕೆಲವೊಮ್ಮೆ ತಲೆಬುಡವಿಲ್ಲದ ಕನಸಿನಂಥ ಸಿನಿಮಾಗಳಿಗೆ, ಒಂದು ಸಣ್ಣ ಪತ್ರಿಕೆಯಲ್ಲಿ ನಕ್ಷತ್ರ ಹಂಚುವವನು. ಹಾಡಿದವರಲ್ಲಿ ಬಹುಪಾಲು ತೀರಿಹೋದವರು, ಜಗಳಕ್ಕೆ ಬಂದವರಿಲ್ಲ. ಅದರಿಂದಲೇ ಧೈರ್ಯ ಹೆಚ್ಚಿ, ಉಪ್ಪಿಟ್ಟಿಗೂ ನಕ್ಷತ್ರ ಕೊಡತೊಡಗಿದೆ. ಹೆಂಡತಿ ಬಸಮ್ಮ ಅದನ್ನೂ ಸಹಿಸಿದಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೇ ನೇರವಾಗಿ ಹೇಳುವುದಿಲ್ಲ. ಶುಭಕಾರ್ಯದಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಪ್ರಾಸ ಕಟ್ಟಿ, ಅದರೊಳಗೆ ಸೇರಿಸಿ ಹೇಳುತ್ತಾಳೆ. ಅದೇ ಒಡಪು. ಕೊಂಕಲ್‌ನಲ್ಲಿ ನನ್ನ ತಂಗಿ ದೇವಕ್ಕನ ಮಗುವಿನ ತೊಟ್ಟಿಲ ಕಾರ್ಯದ ದಿನ ಬಸಮ್ಮ ನಿಂತನಿಲುವಿನಲ್ಲೇ ಕಟ್ಟಿದಳು:

"ಕಾಲುವಿಗಿ ನೀರ ಬಂತು, ಗದ್ದಿಗಿ ಹಸರ ಬಂತು, ಪರದೇಶಿ ಹಾಡಿಗಿ ತಲಿ ಅಲ್ಲಾಡಸೋ ಶರಣಪ್ಪಗ, ನಾ ಮಾತಾಡಿದ್ರ ನಿದ್ದಿ ಬಂತು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಗಂಟಲು ಸರಿಮಾಡಿಕೊಂಡೆ. "ಮೊದಲನೇ ಸಾಲು ಹಳೇದು. ಕಡೀ ತಿರುವು ಪಸಂದ್ ಐತಿ. ಐದಕ್ಕ ಮೂರು ಕೊಡಬಹುದು."

ಅವಳೂ ನಕ್ಕಂತೆ ನೆನಪು. ಆದರೆ ನನ್ನ ನೆನಪೂ ಆ ಸಿನಿಮಾಗಳ ಜಾತಿಯದೇ. ಒಂದೇ ದೃಶ್ಯದಲ್ಲಿ ಮನುಷ್ಯರ ಮುಖ ಬದಲಾಗುತ್ತದೆ. ಒಮ್ಮೆ ನಗುತ್ತಾಳೆ, ಒಮ್ಮೆ ಸೆರಗು ಸರಿಮಾಡಿಕೊಂಡು ತೊಟ್ಟಿಲ ಹಿಂದೆ ಸರಿಯುತ್ತಾಳೆ. ಎರಡನೆಯದೇ ನಿಜವಿರಬೇಕು. ಆಮೇಲೆ ಯಾರ ಮನೆಯಲ್ಲೂ ಅವಳು ಒಡಪು ಹಾಕಲಿಲ್ಲ. ಮತ್ತೊಮ್ಮೆ ಅವಳ ಪ್ರಾಸದೊಳಗೆ ಕೂರುವ ಆಸೆ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ನಮ್ಮ ಹೊಸ ಮನೆ ಪ್ರವೇಶದ ದಿನ ಬೇರೆ ದಾರಿಯಿಲ್ಲ, ಹಾಕಲೇಬೇಕು ಎಂದುಕೊಂಡಿದ್ದೆ. ಮುಹೂರ್ತಕ್ಕೆ ಸರಿಯಾಗಿ ದೇವಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ವೈನಿ, ಅಣ್ಣನ ಹೆಸರ ಹೇಳಿ ಒಳಗ ಬರ್ರಿ."

"ಮಾರ್ಕ್ಸ್ ಹಾಕೋರು ಮಗ್ಗಲದಾಗ ನಿಂತಾರ ನೋಡವ್ವಾ. ಈ ವಯಸ್ಸಿನಾಗ ನನಗ ಪರೀಕ್ಷಾ ಬ್ಯಾಡ."

"ಏ, ಹಂಗ ಬಿಡಂಗಿಲ್ರಿ! ಒಂದರ ಹಾಕ್ರಿ."

ನಾನು ಮೆಲ್ಲಗೆ ಅಂದೆ, "ಏನರ ಹೇಳು, ನಾ ಬಾಯಿ ತೆಗಿಯಂಗಿಲ್ಲ."

ಬಸಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಚೌಕಟ್ಟನ್ನೇ ದಿಟ್ಟಿಸಿ, ಪ್ರಾಸವಿಲ್ಲ, ರಾಗವಿಲ್ಲ, "ಶರಣಪ್ಪ" ಎಂದಳು. ಮಾಸ್ತರು ಹಾಜರಿ ಕರೆದ ಹಾಗೆ.

"ಹಾಜರ್ರಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಹೆಂಗಸರೆಲ್ಲ ಗೊಳ್ಳೆಂದರು, ದೇವಕ್ಕ ಕೈ ತೆಗೆದಳು, ಬಸಮ್ಮ ಬಲಗಾಲಿಟ್ಟು ಒಳಗೆ ಹೋದಳು. ಹಾಜರಿ ಹೇಳಿದ ನಾನು ಮಾತ್ರ ಹೊಸ್ತಿಲಾಚೆಯೇ ಉಳಿದೆ.