ಕೆಮ್ಮಿದವನೇ ಯಜಮಾನ

ಕಳ್ಳನು ಬೀಗಕ್ಕೆ ಹೆದರುವುದಿಲ್ಲ, ಕೆಮ್ಮಿಗೆ ಹೆದರುತ್ತಾನೆ ಎಂಬುದು ಕುಲಶೇಖರ ಗೃಹಸಂರಕ್ಷಣಾ ಸಂಘವು ಸರ್ವಾನುಮತದಿಂದ ಕೈಗೊಂಡ ನಿರ್ಣಯವಾಗಿತ್ತು. ಈ ಬಗ್ಗೆ ಕಳ್ಳರ ಅಭಿಪ್ರಾಯ ಕೇಳಿರಲಿಲ್ಲ, ಯಾಕೆಂದರೆ ಅವರು ಸಂಘದ ಸದಸ್ಯರಾಗಿರಲಿಲ್ಲ. ಪರವೂರಿಗೆ ಹೊರಡುವ ಪ್ರತಿಯೊಬ್ಬ ಯಜಮಾನನೂ ತನ್ನ ಕೆಮ್ಮನ್ನು ಮನೆಯಲ್ಲೇ ಬಿಟ್ಟು ಹೋಗತಕ್ಕದ್ದು ಎಂದು ನಿಯಮ ಹೇಳುತ್ತಿತ್ತು. ಕೆಮ್ಮನ್ನು ಅಂಗಿಯ ಹಾಗೆ ಕಳಚಿ ಗೂಟಕ್ಕೆ ತೂಗಹಾಕಲು ಬರುವುದಿಲ್ಲವಾದ್ದರಿಂದ ಸಂಘವೇ ಒಬ್ಬ ಕೆಮ್ಮುಗಾರನನ್ನು ಒದಗಿಸುತ್ತಿತ್ತು.

ಹಂಚಿನ ಕಾರ್ಖಾನೆಯ ಮೇಸ್ತ್ರಿ ಗುರುವಪ್ಪನ ಕೆಮ್ಮು ಆ ಭಾಗದಲ್ಲೇ ಹೆಸರುವಾಸಿ. ಹಂಚು ಸುಡುವ ಗೂಡಿನ ಹೊಗೆ ಕುಡಿದು ಬೆಳೆದ ಕೆಮ್ಮು ಅದು. ಅವನು ಜಗಲಿಯಲ್ಲಿ ಕೂತು ಒಮ್ಮೆ ಕೆಮ್ಮಿದರೆ ಬಿಕರ್ನಕಟ್ಟೆಯಲ್ಲಿ ಗಾಡಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಬೊಂಬಾಯಿಯಲ್ಲಿದ್ದ ಮಗಳು ಜಯ ಹೆತ್ತ ಸುದ್ದಿ ಬಂದು, ಮೊಮ್ಮಗುವನ್ನು ನೋಡಲೇಬೇಕೆಂದು ಹೆಂಡತಿ ಅಕ್ಕು ಹಟ ಹಿಡಿದಾಗ ಅವನಿಗಿದ್ದದ್ದು ಒಂದೇ ಚಿಂತೆ, ಮನೆ. ದುಡಿದು ದುಡಿದು ಕಟ್ಟಿಸಿದ ಮನೆ. ಅದರ ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಮಾತ್ರ ತಾನೂ ಒಬ್ಬ ಮನುಷ್ಯನೆಂದು ಅವನಿಗೆ ಅನಿಸುತ್ತಿತ್ತು.

ಸಂಘದ ಕಾರ್ಯದರ್ಶಿ ಗ್ರೆಗರಿ ಪೊರ್ಬುಗಳು ಧೈರ್ಯ ಹೇಳಿದರು. "ನೀವೆಂತ ಹೆದರುವುದು ಮಾರಾಯ್ರೆ? ನಮ್ಮ ಮುದ್ದು ಇದ್ದಾನಲ್ಲ! ಕಲಿಸಿದ ಕೆಮ್ಮನ್ನು ಹಾಗೆಯೇ ಕೆಮ್ತಾನೆ."

ಮುದ್ದು ಸಂಘದ ಖಾಯಂ ಕೆಮ್ಮುಗಾರ, ಸಾಧು ಮನುಷ್ಯ. ಗುರುವಪ್ಪನ ಎದುರು ಕೂತು ಒಣ ಕೆಮ್ಮು, ಕಫದ ಕೆಮ್ಮು, 'ಯಾರದು' ಎಂದು ಕೇಳುವ ಕೆಮ್ಮು ಎಲ್ಲವನ್ನೂ ಶ್ರದ್ಧೆಯಿಂದ ಕಲಿತ. ಒಳಗಿದ್ದ ಅಕ್ಕು ಅವನ ಕೆಮ್ಮು ಕೇಳಿ ಗಂಡನಿಗೆಂದು ಕಷಾಯ ತಂದ ದಿನ ಅವನು ಪರೀಕ್ಷೆಯಲ್ಲಿ ಉತ್ತೀರ್ಣನಾದನೆಂದು ಸಾರಲಾಯಿತು. ಹಿತ್ತಲಿನ ತೆಂಗಿನಕಾಯಿಗಳನ್ನು ಮಾತ್ರ ಕಾರ್ಯದರ್ಶಿಗಳು ತಮ್ಮ ಮನೆಗೇ ಸಾಗಿಸಿದರು. ಅರೆದು ಸಾರಿಗೆ ಹಾಕಿದ ತೆಂಗಿನಕಾಯಿಯನ್ನು ಯಾವ ಕಳ್ಳನೂ ಕದಿಯಲಾರ ಎಂಬ ದೂರದೃಷ್ಟಿ ಅವರದು.

ಗಂಡಹೆಂಡಿರು ಬಂದರಿನಲ್ಲಿ ಆಗಬೋಟು ಹತ್ತಿದರು. ಬೊಂಬಾಯಿಯಲ್ಲಿ ಅಳಿಯ ಒಳ್ಳೆಯ ಡಾಕ್ಟರರಿಗೆ ತೋರಿಸಿದ. ಗೂಡಿನ ಹೊಗೆಯೂ ಇರಲಿಲ್ಲ. ಗುರುವಪ್ಪನ ಕೆಮ್ಮು ಬೇರುಸಹಿತ ಹೋಯಿತು. ಅಕ್ಕು ಹೊತ್ತ ಹರಕೆ ಇಷ್ಟು ವರ್ಷಕ್ಕೆ ಫಲಿಸಿತು, ಅವಳು ಸಂತೋಷದಿಂದ ಅತ್ತಳು.

ಊರಿಗೆ ಮರಳಿ ಗೇಟು ತೆರೆದ ಗುರುವಪ್ಪನಿಗೆ ಜಗಲಿಯಿಂದ ತನ್ನದೇ ಕೆಮ್ಮು ಕೇಳಿಸಿತು. ಅವನು ಬೆಚ್ಚಿಬಿದ್ದ. ಮುದ್ದುವಿನ ಕೆಲಸ ನೋಡಲು ಬಂದಿದ್ದ ಗ್ರೆಗರಿ ಪೊರ್ಬುಗಳು ಅದನ್ನು ಕಂಡು ಛತ್ರಿ ಅಡ್ಡ ಹಿಡಿದರು.

"ಬೆಚ್ಚಿದಿರಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿದ ಹಾಗೆ ಆಯ್ತಲ್ಲ. ಕೆಮ್ಮಿಗೆ ಬೆಚ್ಚುವವ ಕಳ್ಳ ಅಂತ ನಿಯಮ ಉಂಟು."

"ನಾನು ಗುರುವಪ್ಪ! ನನ್ನ ಗುರ್ತ ಇಲ್ವಾ ಪೊರ್ಬುಗಳೇ?"

"ಗ್ರೆಗರಿಯಾಗಿ ನನಗೆ ಉಂಟು. ಕಾರ್ಯದರ್ಶಿಯಾಗಿ ಇಲ್ಲ. ಒಮ್ಮೆ ಕೆಮ್ಮಿ ನೋಡುವ."

ಅಕ್ಕು ನಿಯಮ ಓದಿದವಳಲ್ಲ. ಮುದ್ದುವನ್ನು ಬದಿಗೆ ಸರಿಸಿ ಸೀದಾ ಅಡುಗೆಮನೆಗೆ ಹೋದಳು. ಓದಿ ಸಹಿ ಹಾಕಿದ್ದ ಗುರುವಪ್ಪ ಗೇಟಿನಲ್ಲಿ ನಿಂತು ಕೆಮ್ಮಲು ಪ್ರಯತ್ನಪಟ್ಟ. ಗಂಟಲು ಕಲ್ಲುಬಾವಿಯ ನೀರಿನಷ್ಟು ತಿಳಿಯಾಗಿತ್ತು. ಪಕ್ಕದ ಮನೆಯ ಹಾಶಿಂ ಬ್ಯಾರಿಗಳು ಮರುಗಿ ಕಾಳುಮೆಣಸಿನ ಹುಡಿ ತಂದುಕೊಟ್ಟರು. ಅದನ್ನು ಮೂಸಿದರೆ ಸೀನು ಬಂತು. ಸೀನಿಗೆ ನಿಯಮದಲ್ಲಿ ಜಾಗ ಇರಲಿಲ್ಲ. ಅಷ್ಟರಲ್ಲಿ ಮುದ್ದು ಪಾಪ, ತಡೆಯಲಾರದೆ, ಗುರುವಪ್ಪನ ಕಫದ ಕೆಮ್ಮನ್ನು ಅಚ್ಚುಕಟ್ಟಾಗಿ ಕೆಮ್ಮಿದ.

"ಯಜಮಾನರು ಒಳಗೇ ಇದ್ದಾರೆ," ಎಂದು ಕಾರ್ಯದರ್ಶಿಗಳು ಷರಾ ಹೇಳಿದರು.

ಗುರುವಪ್ಪ ಛತ್ರಿಯ ಮೇಲಿಂದ ಇಣುಕಿ ನೋಡಿದ. ನಾಲ್ಕು ಮಾರು ದೂರದಲ್ಲಿ ತನ್ನ ಜಗಲಿ, ಅದರ ಮೇಲೆ ತನ್ನ ಚಾಪೆ, ಚಾಪೆಯ ಮೇಲೆ ಇನ್ನೊಬ್ಬನ ಕಾಲು. ಹಾಳು ಕೆಮ್ಮನ್ನು ಯಾಕಾದರೂ ಬಿಟ್ಟೆನೋ ಎಂದು ಅವನಿಗೆ ಅಳುವೇ ಬಂತು.

"ಗಂಜಿ ತಣಿಯುತ್ತದೆ!" ಅಕ್ಕು ಒಳಗಿನಿಂದ ಕೂಗಿದಳು. "ಯಜಮಾನ ಅಲ್ಲವಾದರೆ ಕಳ್ಳನಾಗಿಯೇ ಬರ್ಲಿ! ಹಿಂದಿನ ಬಾಗಿಲು ತೆಗೆದಿಟ್ಟಿದ್ದೇನೆ."

ಗ್ರೆಗರಿ ಪೊರ್ಬುಗಳ ಮುಖ ಅರಳಿತು. ಸಂಘದ ಕೆಮ್ಮುಗಳಿಗೆ ಕಳ್ಳರು ನಿಜವಾಗಿ ಹೆದರುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಒಬ್ಬ ಮರ್ಯಾದಸ್ಥ ಕಳ್ಳ ಬೇಕೆಂದು ಅವರು ಬಹುಕಾಲದಿಂದ ಹುಡುಕುತ್ತಿದ್ದರು. ಒಬ್ಬರೂ ಅರ್ಜಿ ಹಾಕಿರಲಿಲ್ಲ. "ನಿಮಗೆ ಈ ಮನೆಯ ಮೂಲೆಮೂಲೆ ಗೊತ್ತುಂಟು, ಮೇಲಿಂದ ಕೆಮ್ಮೂ ಇಲ್ಲ. ಕಳ್ಳನಿಗೆ ಬೇರೆಂತ ಅರ್ಹತೆ ಬೇಕು ಮಾರಾಯ್ರೆ?"

ನೇಮಕ ಗೇಟಿನಲ್ಲೇ ಆಯಿತು. ಪರೀಕ್ಷಾರ್ಥ ಕಳ್ಳನು ದಿನವೂ ಮಧ್ಯಾಹ್ನ ಹಿಂಬಾಗಿಲಿನಿಂದ ನುಗ್ಗತಕ್ಕದ್ದು, ಕೆಮ್ಮು ಕೇಳಿದ ಕೂಡಲೇ ಓಡತಕ್ಕದ್ದು. ಗುರುವಪ್ಪ ಹಾಶಿಂ ಬ್ಯಾರಿಗಳ ಜಗಲಿಯಲ್ಲಿ ಮಲಗಿ, ಹೊತ್ತಿಗೆ ಸರಿಯಾಗಿ ತನ್ನ ಮನೆಗೆ ನುಗ್ಗತೊಡಗಿದ. ಅಕ್ಕು ಗಂಜಿ, ಮೀನಿನ ಸಾರು ಬಡಿಸಿ, ಮೊಮ್ಮಗುವಿನ ಸುದ್ದಿ ಹೇಳುತ್ತಿದ್ದಳು. ಮುದ್ದು ಒಳ್ಳೆಯವನು, ಗುರುವಪ್ಪನ ಮಜ್ಜಿಗೆ ಮುಗಿಯುವವರೆಗೆ ಕೆಮ್ಮನ್ನು ಗಂಟಲಲ್ಲೇ ಹಿಡಿದು, ಕಣ್ಣು ಕೆಂಪಾದ ಮೇಲೆ ಬಿಡುತ್ತಿದ್ದ. ಗುರುವಪ್ಪ ಕೈ ತೊಳೆದು ಓಡುತ್ತಿದ್ದ. ಅವನ ಓಟ ತೃಪ್ತಿಕರವೆಂದು ಕಾರ್ಯದರ್ಶಿಗಳು ಮೆಚ್ಚಿಕೊಂಡರು.

ವಾರ್ಷಿಕ ಸಭೆಯಲ್ಲಿ ಗ್ರೆಗರಿ ಪೊರ್ಬುಗಳು ಎದ್ದು ನಿಂತು ವರದಿ ಓದಿದರು: "ಸಂಘದ ವ್ಯಾಪ್ತಿಯಲ್ಲಿ ಈ ವರ್ಷ ಮನೆಯ ಯಜಮಾನರ ಹೊರತು ಬೇರಾವ ಕಳ್ಳನೂ ಯಾವ ಮನೆಗೂ ನುಗ್ಗಿರುವುದಿಲ್ಲ ಎಂದು ತಿಳಿಸಲು ಹರ್ಷಿಸುತ್ತೇನೆ."

ಜೋರಾಗಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಗುರುವಪ್ಪನೂ ತಟ್ಟಿದ. ಏನೇ ಆಗಲಿ, ಮನೆ ಭದ್ರವಾಗಿತ್ತು.