ಮಾವನ ಹೆದರಿಕೆ, ನನ್ನ ನಲವತ್ತು ಬೈಟ್

ಹೊಸನಗರದ ಕಾಡುಕೋಣಕ್ಕೂ ಹೆದರದ ನನ್ನ ಸೋದರಮಾವನಿಗೆ ಕಂಪ್ಯೂಟರಿನ ಮೆಮೊರಿ ಎಂದರೆ ಮೈ ನಡುಗುತ್ತದೆ ಎಂದರೆ ನಂಬುತ್ತೀರಾ? ಸಾಗರದ ಕಾಲೇಜೊಂದರ ಲ್ಯಾಬಿನಲ್ಲಿ ಸಿ ಭಾಷೆ ಕಲಿಸುವುದೇ ಅವರ ಕಸುಬು! ನಾನೂ ಅವರ ಶಿಷ್ಯೆ. ಸೋದರಸೊಸೆಯೆಂದು ಒಂದು ತಪ್ಪನ್ನೂ ಮಾಫಿ ಮಾಡಿದವರಲ್ಲ.

ಒಮ್ಮೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು, "ಸಿ-ಲಿ ಮೆಮೊರಿ ಜಾಗ ಹಿಡಿಯೋ ಮ್ಯಾಲಕ್ ಅಂದ್ರೆ ಇದೇ. ಸೀಟು ಸಿಕ್ತಾ ಅಂತ ನೋಡ್ದೆ ಕೂತ್ರೆ ಸೊಂಟ ಮುರೀತದೆ!" ಎಂದು ಪಾಠ ಮಾಡಿದರು. ಹೊಸನಗರದಲ್ಲಿ ಇಳಿದ ಮೇಲೆ ಟವೆಲ್ ಸೀಟಿನಲ್ಲೇ ಉಳಿದದ್ದು ನೆನಪಾಯಿತು. ಹೊರಟ ಬಸ್ಸಿನ ಹಿಂದೆ ಓಡಿದರು ನೋಡಿ!

"ಹೋದ್ರೆ ಹೋಗ್ಲಿ ಬಿಡಿ ಮಾವ!"

"ಟವೆಲ್ಲಿಗಲ್ಲ ಮಾರಾಯ್ತಿ! ಹಿಡಿದ ಜಾಗ ಬಿಟ್ಕೊಡ್ದಿದ್ರೆ ಬೇರೆಯವ್ರು ಎಲ್ಲಿ ಕೂರ್ತಾರೆ?"

ಕಂಡಕ್ಟರ್ ಟವೆಲನ್ನು ಅವರ ಮುಖಕ್ಕೇ ಎಸೆದ.

ರಕ್ತದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಇರುವ ಫೈಲನ್ನು ಓದಿ, ಬೇಕಾದ ಗುಂಪಿನವರನ್ನು ಹುಡುಕುವ ಪ್ರೋಗ್ರಾಮನ್ನು ಅವರು ನನ್ನಿಂದ ಬರೆಸಿದ್ದರು. ಒಂದು ಹೆಸರಿಗೆ ನಲವತ್ತು ಬೈಟ್, ಅಂದರೆ ಹೆಚ್ಚುಕಮ್ಮಿ ನಲವತ್ತು ಇಂಗ್ಲಿಷ್ ಅಕ್ಷರದಷ್ಟು ಜಾಗ ಇಟ್ಟೆ. "ಸಾಕಾಗ್ತದಾ? ನಂಗೆ ಯಾಕೋ ಹೆದ್ರಿಕೆ" ಎಂದರು. ನಾನು ನಕ್ಕುಬಿಟ್ಟೆ. ಹೆಸರು ಕೇಳಿದರೆ ಮನೆ, ಊರು, ಅಂಚೆ, ಯಾರ ಮಗ ಎಂಬುದನ್ನೆಲ್ಲ ಸೇರಿಸಿ ಹೇಳುವವರು ನಮ್ಮ ಕಡೆಯವರು, ನನಗೆ ಹೊಳೆಯಬೇಡವೇ?

ಕೆಲವು ವರ್ಷಗಳ ಮೇಲೆ ತೀರ್ಥಹಳ್ಳಿಯಲ್ಲಿ ನನ್ನ ಹೆರಿಗೆಯಾಯಿತು. ಮಗು ಅತ್ತಿತು, ನನ್ನ ರಕ್ತ ಮಾತ್ರ ನಿಲ್ಲಲಿಲ್ಲ. ನನ್ನದು ಸುಲಭಕ್ಕೆ ಸಿಗುವ ಗುಂಪೂ ಅಲ್ಲ. ಗಂಡ ಮಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಕೀಬೋರ್ಡಿನ ಸದ್ದು ಕೇಳಿತು. ಆಮೇಲೆ ಮಾವನ ದನಿ:

"ಅಯ್ಯೋ, ಪ್ರೋಗ್ರಾಂ ಅರ್ಧಕ್ಕೇ ನಿಂತೋಯ್ತು! ಯಾವ್ದೋ ಉದ್ದದ ಹೆಸ್ರು, ನಲವತ್ತರಲ್ಲಿ ಹಿಡೀಲಿಲ್ಲ!"

ನಾನೇ ಬರೆದ ಸಾಲು ನನ್ನನ್ನು ಕೊಲ್ಲುತ್ತದೆ ಎಂದುಕೊಂಡೆ. ಮಗುವಿನ ಮುಖವನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ.

"ನೋಟ್‌ಪ್ಯಾಡಲ್ಲಿ ಆ ಫೈಲನ್ನೇ ತೆಗ್ದು ಓದಿ ಮಾವ!" ಗಂಡ ಕೂಗಿದರು. ಮಾವ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದರು. ನಡುನಡುವೆ ಅಳುತ್ತಿದ್ದರು. ಅಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂತು.

ತೀರ್ಥಹಳ್ಳಿಯವರೇ ಇಬ್ಬರು ದಾನಿಗಳು ಸಿಕ್ಕರಂತೆ. ಸಂಜೆ ಮಾವ ಸಾಗರದಿಂದ ಬಂದಾಗ ನನಗೆ ಎಚ್ಚರವಿತ್ತು. ಫೋನಿನ ಮಾತನ್ನು ನಾನೂ ಕೇಳಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಬೈಯಲಿ ಎಂದು ಕಾದೆ. ಅವರು ಮಂಚದ ಅಂಚಿಗೆ ಕೂತು ನನ್ನ ತಲೆ ಸವರಿದರು.

"ನಿನ್ ಪ್ರೋಗ್ರಾಂ ಚೆನ್ನಾಗಿ ಓಡ್ತು ಕಣೆ. ಎಲ್ಲಾ ಹೆಸ್ರೂ ಹಿಡೀತು."

ಹೂಂ ಎಂದೆ. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.