ಗವಲಿ ಹೊಸೆದು ಗುರಿ ಕಲಿತದ್ದು

ಈ ಬೇಸಿಗೆ ಮುಗಿಯುವುದರೊಳಗೆ ಆಳಂದದಿಂದ ಜೇವರ್ಗಿಯವರೆಗೆ ನನ್ನಂಥ ಗುರಿಕಾರ ಮತ್ತೊಬ್ಬ ಇರಕೂಡದು ಎಂದು ನಾನು ತೀರ್ಮಾನಿಸಿಬಿಟ್ಟೆ! ಗಾಬರಿಯಾಗಬೇಡಿ. ನಾನು ಬಂದೂಕು ಹಿಡಿಯುವವನಲ್ಲ. ಅಫಜಲಪುರದಲ್ಲಿ ಚಷ್ಮಾ ಅಂಗಡಿ ಇಟ್ಟುಕೊಂಡಿರುವ ವಿಶ್ವಾರಾಧ್ಯ, ಜಿರಳೆ ಹೊಡೆಯಲಿಕ್ಕೂ ಹೆಂಡತಿಯನ್ನು ಕರೆಯುವ ಮನುಷ್ಯ. ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದ ಮಾತು.

ಆ ಆಟದಲ್ಲಿ ನನಗಿರುವ ಹಗೆ ಒಬ್ಬನೇ: ನನ್ನ ಹೆಂಡತಿ ದ್ರೌಪದಿಯ ತಮ್ಮ, ಜೇವರ್ಗಿಯ ಗುರಣ್ಣ. ಭಾನುವಾರ ಬಂತೆಂದರೆ ಅವನು ಅಲ್ಲಿ ಕೂರುತ್ತಾನೆ, ನಾನು ಇಲ್ಲಿ ಕೂರುತ್ತೇನೆ, ನಡುವೆ ಇಂಟರ್ನೆಟ್ಟು. ಅವನು ಮೌಸ್ ಹಿಡಿದು ಟಪ್ಪೆಂದು ಹೊಡೆಯುತ್ತಾನೆ, ನಾನು ದೊಪ್ಪೆಂದು ಬೀಳುತ್ತೇನೆ. ತಾಲ್ಲೂಕಿನ ಅರ್ಧ ಜನಕ್ಕೆ ದೃಷ್ಟಿ ಸರಿಮಾಡಿ ಕೊಟ್ಟವನಿಗೆ ಎದುರಿಗೆ ನಿಂತ ಭಾವಮೈದುನ ಕಾಣುವುದಿಲ್ಲವೆಂದರೆ ಏನು ಮರ್ಯಾದೆ ಉಳಿಯಿತು, ನೀವೇ ಹೇಳಿ!

ಯುಗಾದಿಗೆ ಮನೆಗೆ ಬಂದವನು ಹೋಳಿಗೆ ಅಗಿಯುತ್ತಲೇ ಸವಾಲು ಹಾಕಿದ. ದ್ರೌಪದಿಯ ಕಿರಿಯ ತಂಗಿಯ ಮದುವೆ ಗೊತ್ತಾಗಿತ್ತು.

“ಮಾಮಾ, ತಂಗಿ ಮದುವ್ಯಾಗ ಹಂದರದಾಗ ಟಿ.ವಿ. ಹಚ್ಚಿ ಎಲ್ಲಾರ ಮುಂದ ಆಡೂಣ್ರಿ. ಸೋತಾವ್ರು ಗೆದ್ದಾವ್ರಿಗೆ ಸಾಯೂತನಕ ‘ಉಸ್ತಾದ್’ ಅನ್ನಬೇಕು. ಆಗಬಹುದ್ರಿ?”

“ಆಗ್ಲಿ ಲೇ! ಈಗಿಂದನ ಅನ್ನೂದು ರೂಢಿ ಮಾಡ್ಕೊ!” ಎಂದೆ ನಾನು.

ಮಾತು ಆಡಿದ್ದಾಯಿತು, ಆಮೇಲೆ ಯೋಚನೆ ಶುರುವಾಯಿತು. ಮೂಗು ಒರೆಸಿಕೊಳ್ಳಲು ಬಾರದ ಕಾಲದಿಂದ ನೋಡಿದ ಹುಡುಗನನ್ನು, ಮನೆಯ ಹಿರಿಯ ಅಳಿಯನಾದ ನಾನು, ಬೀಗರ ಮುಂದೆ ಉಸ್ತಾದ್ ಎನ್ನುವುದೆ? ಅದೂ ಸಾಯುವತನಕ! ಮಾನ ಹೋದರೆ ಮತ್ತೆ ಬಂದೀತೆ?

ಪಕ್ಕದ ಮೊಬೈಲ್ ಅಂಗಡಿಯ ಮಸೂದನಿಗೆ ನನ್ನ ಕಷ್ಟ ತೋಡಿಕೊಂಡೆ. ಅವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ, ಎರಡೂ ಕೈಯಲ್ಲಿ ಹಿಡಿದು ಆಡುವ ಕಪ್ಪನೆಯದೊಂದು ಕಂಟ್ರೋಲರ್ ತೆಗೆದು, ಹುಟ್ಟಿದ ಕೂಸನ್ನು ಕೊಡುವಂತೆ ನನ್ನ ಅಂಗೈಯಲ್ಲಿಟ್ಟ.

“ಮೌಸ್ ಹಳೇ ಜಮಾನಾ ಆತ್ರಿ ಭಾಯಿ. ಇದನ್ನ ನೋಡ್ರಿ!”

“ಇದಕ್ಕ ಹೆಬ್ಬಟ್ಟಿಲೆ ಆಡಸೂ ಕಡ್ಡಿನ ಇಲ್ಲಲ್ಲೋ?”

“ಕಡ್ಡಿ ಯಾಕ್ರಿ? ಟ್ರ್ಯಾಕ್‌ಪ್ಯಾಡ್ ಅದ. ಲ್ಯಾಪ್‌ಟಾಪ್‌ನಾಗ ಇರ್ತದಲ್ರಿ, ಹಂಗ. ಜೋರ್ ತಿರಗಬೇಕಂದ್ರ ಹೆಬ್ಬಟ್ಟು ಸವರೂದು. ಬಾರೀಕ್ ಗುರಿ ಬೇಕಂದ್ರ ಇಡೀ ಕಂಟ್ರೋಲರ್ ಕೈಯಾಗ ಒಂಚೂರು ವಾಲಸೂದು. ಮಖಮಲ್ ಇದ್ದಂಗ್ರಿ! ಖರೇ, ಹೆಬ್ಬಟ್ಟು ಮಾತ್ರ ಪಳಗಬೇಕು.”

ಹೆಬ್ಬೆರಳು ಪಳಗುವುದೆಷ್ಟರ ಮಾತು! ಅಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತಿತ್ತು. ನಾನು ಕಣ್ಣು ಅರೆಮುಚ್ಚಿ ಆ ನುಣುಪಾದ ಪ್ಯಾಡಿನ ಮೇಲೆ ಬೆರಳು ಸವರುತ್ತ ಕುಳಿತೆ. ಕಣ್ಣೆದುರು ಜೇವರ್ಗಿಯ ಹಂದರ ತಾನಾಗಿ ಎದ್ದಿತು. ನಾನು ಬೆರಳು ಅಲುಗಿಸಿದರೆ ಸಾಕು, ಶತ್ರುಗಳು ನಮಸ್ಕಾರ ಮಾಡಿ ತಾವೇ ಮಲಗುತ್ತಿದ್ದರು. ಗುರಣ್ಣ ಕೈಕಟ್ಟಿ ನಿಂತಿದ್ದ. ಹಿರಿಯರೊಬ್ಬರು ನನ್ನ ತಲೆಗೆ ರುಮಾಲು ಸುತ್ತುತ್ತಿದ್ದರು, ಸುತ್ತುತ್ತಲೇ ಇದ್ದರು, ಅದು ಮುಗಿಯುತ್ತಲೇ ಇರಲಿಲ್ಲ. ಎಚ್ಚರವಾದಾಗ ಚಷ್ಮಾ ಒರೆಸುವ ಬಟ್ಟೆ ನನ್ನ ಮುಖದ ಮೇಲೆ ಬಿದ್ದಿತ್ತು.

ಸಂಜೆ ಮನೆಯಲ್ಲಿ ನಿಜವಾದ ಯುದ್ಧ. ಬೆವರಿದ ಹೆಬ್ಬೆರಳು ಪ್ಯಾಡಿಗೆ ಅಂಟಿಕೊಂಡಿತು. ಎಳೆದೆ. ಒಮ್ಮೆಲೇ ಜಾರಿತು. ಸುತ್ತಲೂ ಗುಂಡಿನ ಮಳೆಯಾಗುತ್ತಿದ್ದರೆ ನನ್ನ ಸೈನಿಕ ಮುಖ ಮೇಲೆತ್ತಿ ಆಕಾಶ ನೋಡುತ್ತಾ ನಿಂತ. ಬಹಳ ಚೆಂದದ ಮೋಡಗಳು, ಸುಳ್ಳೇಕೆ ಹೇಳಲಿ. ನಾನೂ ಸ್ವಲ್ಪ ಹೊತ್ತು ಅವನ್ನೇ ನೋಡಿದೆ. ಅಷ್ಟರಲ್ಲಿ ಸತ್ತೆ.

ಬೆವರು ಹೀರಲಿ ಎಂದು ದೇವರ ಜಗಲಿಯಿಂದ ವಿಭೂತಿ ತಂದು ಹೆಬ್ಬೆರಳಿಗೆ ಬಳಿದುಕೊಂಡೆ. ಈಗ ಬೆರಳು ಎಷ್ಟು ಸಲೀಸಾಗಿ ಜಾರಿತೆಂದರೆ ಸೈನಿಕ ನಿಂತಲ್ಲೇ ಬುಗುರಿಯಾದ! ಅವನು ತಿರುಗಿದ್ದು ನೋಡಿ ನನಗೆ ತಲೆ ಸುತ್ತಿತು.

ದ್ರೌಪದಿ ಅಡುಗೆಮನೆಯಿಂದ ಇಣುಕಿದಳು. “ಎಲ್ಲಾರೂ ಹಣಿಗೆ ಹಚ್ಕೋತಾರ, ನೀವು ಹೆಬ್ಬಟ್ಟಿಗೆ ಹಚ್ಕೊಂಡೀರಿ. ಶಿವಾ ಎಲ್ಲಿ ಅಂತ ಹುಡುಕಬೇಕ್ರಿ ನಿಮ್ಮಲ್ಲಿ?”

“ನಗಬ್ಯಾಡ. ನನ್ನ ಮಾನದ ಪ್ರಶ್ನಿ ಅದ.”

“ನನ್ನ ಮಾನಾನೂ ಅಲ್ಲೇ ಅದ” ಎಂದು ಒಳಗೆ ಹೋದಳು.

ಅವಳ ಮಾನ ಇದ್ದದ್ದು ಗವಲಿಯಲ್ಲಿ. ನಮ್ಮ ಕಡೆ ಮದುವೆ ಎಂದರೆ ಗವಲಿ ಬೇಕೇ ಬೇಕು. ರವೆಯ ಹಿಟ್ಟು ನಾದಿ, ಚಿಟಿಕೆ ಚಿಟಿಕೆ ಹರಿದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಜೀರಿಗೆಯಷ್ಟು ಸಣ್ಣ ಕಾಳು ಮಾಡಿ ಮೊರಕ್ಕೆ ಉದುರಿಸಬೇಕು. ಒಣಗಿಸಿಟ್ಟುಕೊಂಡು ಮದುವೆಯ ದಿನ ಹಾಲು, ಸಕ್ಕರೆ, ತುಪ್ಪದ ಜೊತೆ ಬಡಿಸುತ್ತಾರೆ. ಬೀಗರು ಹೆಣ್ಣಿನ ಮನೆಯವರನ್ನು ಅಳೆಯುವುದೇ ಗವಲಿ ಎಷ್ಟು ಸಣ್ಣ ಎಂಬುದನ್ನು ನೋಡಿ. ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ಮಾಡುವ ಕೆಲಸವಿದು. ಆದರೆ ಈ ಬೇಸಿಗೆಯಲ್ಲಿ ಓಣಿಯವರೆಲ್ಲ ತಂತಮ್ಮ ಮನೆಯ ಮದುವೆಗಳಲ್ಲಿ ಮುಳುಗಿದ್ದರು. ನನ್ನ ಹೆಂಡತಿಯೋ, “ಪೂರಾ ಗವಲಿ ನಾನ ನನ್ನ ಕೈಯಾರೆ ಹೊಸದು ತರ್ತೇನಿ ಬೇ” ಎಂದು ತವರಿಗೆ ಮಾತು ಕೊಟ್ಟು ಕುಳಿತಿದ್ದಳು. ಬಡಾಯಿಯಲ್ಲಿ ನಾವು ಗಂಡ ಹೆಂಡಿರು ಸರಿಜೋಡಿ!

ಎರಡು ದಿನದ ನಂತರ ಅವಳೇ ಬಂದು ನನ್ನ ಪಕ್ಕ ಕುಳಿತಳು. ದನಿಯಲ್ಲಿ ಬೆಣ್ಣೆ.

“ನಿಮ್ಮ ಹೆಬ್ಬಟ್ಟು ಪಳಗಬೇಕು ಅಂತೀರಲ್ರಿ, ಗವಲಿ ಹೊಸೀರಿ. ಹೆಬ್ಬಟ್ಟಿಗೆ ಅದಕ್ಕಿಂತ ಬಾರೀಕ್ ಕೆಲಸ ಯಾವುದದ?”

ನಾನು ಬೆರಗಾದೆ. ಎಂಥ ಮಾತು! ಈ ಸತ್ಯ ಇಷ್ಟು ದಿನ ನನಗೆ ಹೊಳೆಯಲಿಲ್ಲವಲ್ಲ!

“ಖರೇ ಅದ. ಹೊಸೀತೇನಿ, ಹೊಸಿಯೂದು ಮುಗದ ಮ್ಯಾಲ ಸ್ವಲ್ಪ ಆಡ್ತೇನಿ.”

“ಪೂರಾ ಪಳಗೂತನಕ ಆಟ ಮುಟ್ಟಬ್ಯಾಡ್ರಿ, ಕೈ ಹದ ಕೆಡ್ತದ. ಮತ್ತ ನೀವು ಹೊಸದೀರಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಅವ್ವಗ ಗೊತ್ತಾದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?”

ಹೀಗೆ ಶುರುವಾಯಿತು ನನ್ನ ಶಸ್ತ್ರಾಭ್ಯಾಸ! ಸಂಜೆ ಅಂಗಡಿ ಬಾಗಿಲು ಹಾಕಿ ಬಂದವನು ಮಾಳಿಗೆ ಏರಿ ಚಾಪೆಯ ಮೇಲೆ ಪದ್ಮಾಸನ ಹಾಕುತ್ತಿದ್ದೆ. ನಡುವೆ ಮೊರ, ಎದುರಿಗೆ ದ್ರೌಪದಿ. ಮೊದಲ ದಿನದ ನನ್ನ ಕೈಚಳಕವನ್ನು ಅವಳು ಬೆಳಕಿಗೆ ಹಿಡಿದು ನೋಡಿ, “ಇದು ಗವಲಿ ಅಲ್ರಿ, ಹಲ್ಲಿ ಮರಿ” ಎಂದು ಕಾಗೆಗೆ ಎಸೆದಳು. ಕಾಗೆ ಮೂಸಿ ಹಾರಿಹೋಯಿತು.

ನಾನು ಬಿಡಲಿಲ್ಲ. ಹೆಬ್ಬೆರಳಿನಿಂದ ನನ್ನತ್ತ ಒಂದು ಸಣ್ಣ ಎಳೆತ, ಮೇಲಕ್ಕೊಂದು ಚಿಮ್ಮು, ಆಮೇಲೆ ಮಣಿಕಟ್ಟು ಎಡಕ್ಕೆ ಕೊಡವಿದರೆ ಕಾಳು ಮೊರಕ್ಕೆ. ಎಳೆ, ಚಿಮ್ಮು, ಕೊಡವು. ಕೆಲವೇ ದಿನದಲ್ಲಿ ಬೆರಳಿಗೆ ಅದರದೇ ಬುದ್ಧಿ ಬಂತು. ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು, ನನ್ನ ಪಾಡಿಗೆ ನಾನು ಕನಸು ಕಾಣುತ್ತಿದ್ದೆ. ಭೀಮಾ ಹೊಳೆಯ ಕಡೆಯಿಂದ ಗಾಳಿ ತಣ್ಣಗೆ ಬರುತ್ತಿತ್ತು. ದ್ರೌಪದಿ ತಾನು ಚಿಕ್ಕವಳಿದ್ದಾಗ ಅಮಾವಾಸ್ಯೆಗೆ ಘತ್ತರಗಿಯ ಗುಡಿಗೆ ಹೋಗಿ ಹೊಳೆಯಲ್ಲಿ ಚಪ್ಪಲಿ ಕಳೆದುಕೊಂಡದ್ದನ್ನು ಹೇಳಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಚಪ್ಪಲಿಯ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಆಟದ ಚಟ ಹತ್ತಿದಾಗಿನಿಂದ ನಾನು ಅವಳ ಎದುರಿಗೆ ಹೀಗೆ ಕುಳಿತದ್ದೂ ಇರಲಿಲ್ಲ. ಬಹಳ ಸುಖವೆನಿಸಿತು. ಕೆಲವೊಮ್ಮೆ ಗುರಣ್ಣನೂ ಬೇಡ, ಗುಂಡೂ ಬೇಡ, ಈ ಹಿಟ್ಟು ಮುಗಿಯದಿದ್ದರೆ ಸಾಕು ಅನ್ನಿಸುತ್ತಿತ್ತು.

ಒಂದು ದಿನ ಖಾದರಸಾಬರು ಹೊಸ ಚಷ್ಮಾ ಒಯ್ಯಲು ಅಂಗಡಿಗೆ ಬಂದರು. ನಾನು ಅವರ ಕಿವಿಯ ಹಿಂದೆ ಕೈ ಇಟ್ಟು ಕಡ್ಡಿ ಸರಿಮಾಡುತ್ತ ಮಾಳಿಗೆಯ ಗಾಳಿಯನ್ನು ನೆನೆಯುತ್ತಿದ್ದೆ.

“ಅರೇ ವಿಶ್ವಾರಾಧ್ಯರ, ಕಿವಿ ಬಿಡ್ರಿ! ಅದು ನಂದು!”

ನೋಡಿದರೆ ನನ್ನ ಹೆಬ್ಬೆರಳು ಅವರ ಕಿವಿಯ ಹಾಲೆಯನ್ನು ಹಿಡಿದು ಹೊಸೆಯುತ್ತಿತ್ತು! ಬೇರೆ ಯಾರಾದರೂ ನಾಚುತ್ತಿದ್ದರು. ನಾನು ಹಿರಿಹಿರಿ ಹಿಗ್ಗಿದೆ. ಆಹಾ, ಹೆಬ್ಬೆರಳು ಪಳಗಿತು! ಗುರಣ್ಣ, ನಿನ್ನ ಕಥೆ ಮುಗಿಯಿತು!

ಮದುವೆಯ ಹಿಂದಿನ ದಿನ ಜೇವರ್ಗಿ ಸೇರಿದೆವು. ದ್ರೌಪದಿ ಗವಲಿಯ ಡಬ್ಬಿಗಳನ್ನು ಇಳಿಸಿದಳು. ಅತ್ತೆ ಮುಷ್ಟಿ ತುಂಬ ತೆಗೆದು ನೋಡಿ, “ಎಟ್ ಬಾರೀಕ್ ಹೊಸದಿ ಬೇ! ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು” ಎಂದು ಮಗಳ ಕೆನ್ನೆ ಸವರಿದರು. ದ್ರೌಪದಿ ನೆಲ ನೋಡಿದಳು. ನಾನು ಸೂರು ನೋಡಿದೆ.

ಮಧ್ಯಾಹ್ನದ ಊಟವಾದ ಮೇಲೆ ಹಂದರದಲ್ಲಿ ದೊಡ್ಡ ಟಿ.ವಿ. ಬಂದು ಕುಳಿತಿತು. ಬೀಗರೂ ಬಂದಿಳಿದಿದ್ದರು. ಗಂಡಿನ ತಾಯಿ ಮುಂದಿನ ಸಾಲಿನಲ್ಲೇ ಎಲೆ ಅಡಿಕೆ ಮಡಚುತ್ತ ಕುಳಿತರು. ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತ ಹಿಂದೆ ಸೇರಿದರು. ಗುರಣ್ಣ ಮೌಸ್ ಹಿಡಿದ. ನಾನು ಕಂಟ್ರೋಲರನ್ನು ಕಣ್ಣಿಗೊತ್ತಿಕೊಂಡೆ.

“ಮಾಮಾ, ತಯಾರ್ ಏನ್ರಿ?”

“ಹುಟ್ಟಿದಾಗಿಂದ ತಯಾರ್ ಲೇ!”

ಆಟ ಶುರುವಾಯಿತು. ಗುರಣ್ಣನ ಸೈನಿಕ ಗೋಡೆಯ ಮರೆಯಿಂದ ಬಂದ. ನಾನು ಹೆಬ್ಬೆರಳು ಪ್ಯಾಡಿನ ಮೇಲೆ ಇಟ್ಟೆ. ಹೆಬ್ಬೆರಳು ತನಗೆ ಗೊತ್ತಿದ್ದ ಕೆಲಸ ಮಾಡಿತು. ನನ್ನತ್ತ ಒಂದು ಎಳೆತ: ನನ್ನ ಸೈನಿಕ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡು ಅದರ ಪಕ್ಕದ ನೆಲಕ್ಕೇ ಗುಂಡು ಹಾರಿಸಿದ! ಮೇಲಕ್ಕೊಂದು ಚಿಮ್ಮು: ಮೋಡ ನೋಡಿದ. ಮಣಿಕಟ್ಟು ಎಡಕ್ಕೆ ಕೊಡವಿತು: ಕಂಟ್ರೋಲರ್ ವಾಲಿ, ಅವನು ಗುರಣ್ಣನಿಗೆ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತ. ಗುರಣ್ಣ ಆರಾಮಾಗಿ ನಡೆದು ಬಂದು ಹೊಡೆದ. ಮತ್ತೆ ಎದ್ದೆ. ಬೂಟು, ಮೋಡ, ಗೋಡೆ. ಬಿದ್ದೆ. “ನಿಲ್ಲು!” ಎಂದು ಬೆರಳಿಗೆ ಗದರಿದೆ. ಅದು ಇನ್ನೂ ಹುರುಪಿನಿಂದ ಹೊಸೆಯಿತು.

ಹಿಂದೆ ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತು. ಗಂಡಿನ ತಾಯಿ ಮುಂದಕ್ಕೆ ಬಾಗಿ ಟಿ.ವಿ. ನೋಡಿದರು. ಆಮೇಲೆ ನನ್ನ ಕೈ ನೋಡಿದರು.

“ಇದು ಗವಲಿ ಹೊಸಿಯೂ ಕೈ ಅಲ್ಲೇನ್ ಬೇ?”

“ಹೌದ್ ನೋಡ್ರಿ! ಹೊಸದು ಮೊರಕ್ಕ ಒಗ್ಯಾಕತ್ತಾರ!” ಎಂದಳು ಹಿಂದಿನಿಂದ ಒಬ್ಬಳು.

ಹಂದರವೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ. “ಏ ದ್ರೌಪದಿ, ಪೂರಾ ಗವಲಿ ನಾನ ಹೊಸದೇನಿ ಅಂದಿದ್ದಿ?”

ದ್ರೌಪದಿಯ ಮುಖ ಬಾಡಿತು. ನನ್ನ ಮಾನ ಹೋದರೆ ಹೋಗಲಿ, ಬೀಗರ ಮುಂದೆ ಅವಳದು ಹೋಗಬಾರದು! ಎದ್ದು ನಿಂತು ಕೈ ಎತ್ತಿ ಆಣೆ ಮಾಡಿದೆ: “ಇಲ್ರಿ ಅತ್ತಿ, ಎಲ್ಲಾ ಅಕೀನ ಹೊಸದಾಳ. ನಾ ಹಿಟ್ಟು ಸೈತ ಮುಟ್ಟಿಲ್ರಿ!”

ಎತ್ತಿದ ಕೈಯಲ್ಲಿ ಹೆಬ್ಬೆರಳು ಎಲ್ಲರಿಗೂ ಕಾಣುವಂತೆ ಹೊಸೆಯುತ್ತಲೇ ಇತ್ತು.

ಗಂಡಿನ ತಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಬಿಡ್ರಿ ಬೀಗತಿ, ಕೈ ಯಾರದಾದ್ರೇನು? ಡಬ್ಬ್ಯಾಗ ನೋಡೇನಿ, ಗವಲಿ ಮುತ್ತಿನಂಗ ಅವ. ಹೆಂಡ್ತಿ ಜೋಡಿ ಕುಂತು ಗವಲಿ ಹೊಸಿಯೂ ಅಳಿಯಾ ಇರೂ ಮನಿಗೆ ನಾವು ಹೆಣ್ಣು ಕೇಳಿ ಬಂದೀವಿ ಅಂದ್ರ ನಮ್ಮ ಪುಣ್ಯಾ.” ಆಮೇಲೆ ಮಗನತ್ತ ತಿರುಗಿ, “ನೋಡ್ಕೊ, ಕಲ್ಕೊ” ಎಂದರು. ಮದುಮಗ ನನ್ನನ್ನು ದುರುದುರು ನೋಡಿದ. ಅತ್ತೆಯ ಮುಖ ಅರಳಿತು, ದ್ರೌಪದಿಗೆ ಜೀವ ಬಂತು. ನಾನು ಗುರಣ್ಣನಿಗೆ ಎಲ್ಲರ ಮುಂದೆ ಕೈಮುಗಿದು ‘ಉಸ್ತಾದ್’ ಎಂದೆ.

ಮದುವೆ ಮುಗಿಸಿ ಅಫಜಲಪುರದ ಬಸ್ಸು ಹತ್ತಿದೆವು. ಕಿಟಕಿಯಾಚೆ ಹೊಲಗಳು ತೂಕಡಿಸುತ್ತ ಹಿಂದೆ ಸರಿಯುತ್ತಿದ್ದವು. ನಾನು ಸೋಲು ಮರೆತು ಮೆಲ್ಲಗೆ ಹೇಳಿದೆ: “ಏನ ಅನ್ನು, ಗವಲಿ ಹೊಸೀರಿ ಅಂತ ನಿನಗ ಹೊಳೀತು ನೋಡು, ಭಾಳ ಚೊಲೋ ಆತು. ಆಟದಾಗ ಸೋತ್ರೂ ಆ ಮಾಳಗಿ ಮ್ಯಾಲಿನ ಸಂಜಿ ಮರಿಯಾಂಗಿಲ್ಲ.”

“ನನಗ ಎಲ್ಲಿ ಹೊಳೀತದ್ರಿ?” ಎಂದಳು ದ್ರೌಪದಿ, ಸೆರಗಿನಲ್ಲಿ ಬಾಯಿ ಮುಚ್ಚಿ. “ಗುರಣ್ಣ ಫೋನ್ ಹಚ್ಚಿದ್ದ. ‘ಅಕ್ಕಾ, ಮಾಮಾ ಹೊಸಾ ಕಂಟ್ರೋಲರ್ ತಂದಾರಂತ. ಅವ್ರ ಹೆಬ್ಬಟ್ಟು ಪಳಗಿದ್ರ ನಾ ಉಳಿಯಾಂಗಿಲ್ಲ. ನೀ ಅವ್ರ ಕೈಗೆ ಗವಲಿ ಹಿಟ್ಟು ಕೊಡು. ಅವ್ವನ್ನ ನೋಡಿಲ್ಲೇನು, ಗವಲಿ ಮುಗದು ತಿಂಗಳಾದ್ರೂ ನಿದ್ದ್ಯಾಗ ಹೊಸೀತಿರ್ತಾಳ’ ಅಂದ. ನನಗ ಗವಲಿ ಆಗಬೇಕಿತ್ತು, ಅವಗ ಗೆಲ್ಲಬೇಕಿತ್ತು. ಹ್ಞೂಂ ಅಂದೆ.”

ಜೇವರ್ಗಿಯಲ್ಲಿ ಕುಳಿತು, ಒಂದೇ ಒಂದು ಫೋನಿನಿಂದ, ಅಫಜಲಪುರದ ಮಾಳಿಗೆಯ ಮೇಲೆ ಗಾಳಿಗೆ ಮೈಯೊಡ್ಡಿ ಕನಸು ಕಾಣುತ್ತಿದ್ದವನನ್ನು ಅವನು ಸರಿಯಾಗಿ ಹೆಬ್ಬೆರಳಿಗೇ ಹೊಡೆದಿದ್ದ! ಅವನಿಗಿಂತ ದೊಡ್ಡ ಗುರಿಕಾರ ಯಾರು? ಈ ಸಲ ಯಾರ ಒತ್ತಾಯವೂ ಇಲ್ಲದೆ, ಮನಸಾರೆ, ‘ಶರಣ್ರಿ ಉಸ್ತಾದ್’ ಎಂದು ಮೆಸೇಜು ಕಳಿಸಲು ಫೋನು ತೆಗೆದೆ.

ಹೆಬ್ಬೆರಳು ಒಂದು ಅಕ್ಷರದ ಮೇಲೂ ನಿಲ್ಲಲಿಲ್ಲ. ಕೊನೆಗೆ ದ್ರೌಪದಿಯೇ ಫೋನು ಕಸಿದುಕೊಂಡು ಬರೆದು ಕಳಿಸಿದಳು.